ಮೂಡಲಗಿಯ ಮೀಟರ್ ವೈನಿ

ಕಳೆದ ಚಳಿಗಾಲ, ಅತ್ತೆಯವರ ಮೊಣಕಾಲು ನೋವಿಗೆ ಆಗಲೆಂದು ಅಟ್ಟದ ಮೇಲಿದ್ದ ಹಳೆಯ ಹೀಟರನ್ನು ಕೆಳಗಿಳಿಸಿದೆ. ಮೂರು ನಾಲ್ಕು ವರ್ಷ ಯಾರೂ ಮುಟ್ಟದ್ದು. ಸ್ವಿಚ್ ಹಾಕಿದರೆ ಸುರುಳಿ ಕೆಂಪಾಗುವ ಮೊದಲೇ ಅದರ ಮೇಲೆ ಕೂತಿದ್ದ ಧೂಳು ಕಾಯತೊಡಗಿತು. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಏನೋ ಸುಡಾಕತ್ತೇತಿ ನೋಡವಾ" ಎಂದರು. ನಾನು ಮಾತ್ರ ಅದರ ಮುಂದೆಯೇ ಕೂತೆ. ಹಳೆಯ ರೇಡಿಯೋ, ಮೀಟರುಗಳ ಗಾಜಿನ ವಾಲ್ವುಗಳು ಬಿಸಿಯಾಗುವಾಗ ಇದೇ ವಾಸನೆ ಬರುತ್ತಿತ್ತು... ಕಾದ ಧೂಳು, ಕಾದ ಮೇಣ, ಅದರ ಹಿಂದೆಯೇ ಸಣ್ಣಗೆ ಬೆಸುಗೆಯ ರಾಳದ ಹೊಗೆ. ಮೂಡಲಗಿಯ ಒಂದು ಮನೆಯ ಹೊರಕೋಣೆ ಕಣ್ಣ ಮುಂದೆ ಬಂತು. ಅಲ್ಲಿ ಕಡ್ಡಿಚಾಪೆಯ ಮೇಲೆ ಕೂತು, ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು, ಬಿಚ್ಚಿಟ್ಟ ಯಂತ್ರದೊಳಗೆ ಇಣುಕುತ್ತಿದ್ದ ವೈನಿ ಬಂದರು.

ವೈನಿ ಅಂದರೆ ನಮ್ಮ ಕಡೆ ಅಣ್ಣನ ಹೆಂಡತಿ. ಆದರೆ ಆಕೆ ಊರಿಗೆಲ್ಲ ವೈನಿ. ರೇಡಿಯೋ, ಟೇಪು ರಿಪೇರಿ ಮಾಡುವವರು ಆಗ ಊರಿಗೆ ನಾಲ್ಕು ಜನ ಇದ್ದರು. ಆ ರಿಪೇರಿಯವರ ಮೀಟರು ಕೆಟ್ಟರೆ, ಕಾರ್ಖಾನೆಯ ಯಂತ್ರ ತಪಾಸಣೆ ಮಾಡುವ ಡಬ್ಬಿ ಸುಳ್ಳು ತೋರಿಸಿದರೆ, ಅವರೆಲ್ಲ ಬರುತ್ತಿದ್ದದ್ದು ಈಕೆಯ ಹತ್ತಿರ. ಅದಕ್ಕೇ ಮೀಟರ್ ವೈನಿ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಗೋಕಾಕದ ಒಂದು ಡಿಪ್ಲೊಮಾ ಕಾಲೇಜಿನ ಇಲೆಕ್ಟ್ರಾನಿಕ್ಸ್ ಲ್ಯಾಬಿಗೆ ಇನ್‌ಸ್ಟ್ರಕ್ಟರ್ ಆಗಿ ಹೊಸದಾಗಿ ಸೇರಿದ್ದೆ. ತವರು ಹುಕ್ಕೇರಿ, ಗೋಕಾಕದಲ್ಲಿ ಒಂದು ಖೋಲಿ ಹಿಡಿದಿದ್ದೆ. ನೌಕರಿ ಕಾಯಂ ಆಗಲು ಇನ್ನೂ ಒಂದು ವರ್ಷ ಬಾಕಿ. ಸಂದರ್ಶನದ ದಿನವೇ ಕಮಿಟಿಯ ಹಿರಿಯರೊಬ್ಬರು ಪ್ರಾಚಾರ್ಯರ ಕಡೆ ತಿರುಗಿ, "ಮಷಿನ್ ಕೆಲಸಕ್ಕ ಹೆಣ್ಣಮಗಳನ್ನ ತಗೊಳ್ಳಾಕತ್ತೀರಿ, ಮುಂದ ನನಗ ಕೇಳಬ್ಯಾಡ್ರಿ" ಎಂದಿದ್ದರು. ನಾನು ಎದುರಿಗೇ ಕೂತಿದ್ದೆ. ಆ ಮಾತು ನನ್ನ ಜೊತೆಗೇ ಲ್ಯಾಬಿನ ಒಳಗೆ ಬಂತು ಅಂತಲೇ ಹೇಳಬೇಕು.

ಲ್ಯಾಬಿನಲ್ಲಿ ಒಂದು ಹಳೆಯ ಆಸಿಲೋಸ್ಕೋಪ್ ಇತ್ತು. ವಿದ್ಯುತ್ತಿನ ಏರಿಳಿತವನ್ನು ದುಂಡು ಪರದೆಯ ಮೇಲೆ ಹಸಿರು ಗೆರೆಯಾಗಿ ಬರೆದು ತೋರಿಸುವ ಯಂತ್ರ. ಟ್ರಾನ್ಸಿಸ್ಟರ್ ಬರುವುದಕ್ಕೂ ಮೊದಲಿನ ಕಾಲದ್ದು, ಒಳಗೆಲ್ಲ ಬಲ್ಬಿನಂಥ ಗಾಜಿನ ವಾಲ್ವುಗಳು. ಇಬ್ಬರು ಎತ್ತಬೇಕು, ಅಷ್ಟು ಭಾರ. ಹೊಸದು ತರಿಸಲು ಅರ್ಜಿ ಹೋಗಿ ವರ್ಷಗಳಾಗಿದ್ದವು. ಅಲ್ಲಿಯವರೆಗೆ ಇಡೀ ವಿಭಾಗಕ್ಕೆ ಅದೊಂದೇ ಗತಿ.

ಒಂದು ಮಧ್ಯಾಹ್ನ ಹುಡುಗರೆಲ್ಲ ಹೋದ ಮೇಲೆ ಮರುದಿನದ ಪಾಠಕ್ಕೆ ತಯಾರಿ ಮಾಡುತ್ತಿದ್ದೆ. ಗೋಡೆಯ ಸಾಕೆಟ್ಟಿನ ಕರೆಂಟಿನ ಅಲೆಯನ್ನು ಹುಡುಗರಿಗೆ ತೋರಿಸುವ ಆಸೆ. ನಡುವೆ ಟ್ರಾನ್ಸ್‌ಫಾರ್ಮರ್ ಇಟ್ಟು ವೋಲ್ಟೇಜ್ ಇಳಿಸಿಕೊಳ್ಳಬೇಕು ಅನ್ನುವುದು ನನಗೆ ಗೊತ್ತಿತ್ತು. ಅದನ್ನು ತರಲು ಸ್ಟೋರಿನವರೆಗೆ ಹೋಗಬೇಕಿತ್ತು, ಬೀಗದ ಕೈ ಬೇರೆಯವರ ಹತ್ತಿರ ಇತ್ತು. ಒಂದು ಕ್ಷಣದ್ದೇನು ಅಂತ ತಂತಿಯನ್ನು ನೇರವಾಗಿ ಹಚ್ಚಿದೆ. ಗುಂಡಿ ಅತಿ ಸೂಕ್ಷ್ಮ ಅಳತೆಯ ಮೇಲಿದೆ ಅನ್ನುವುದನ್ನು ನೋಡಲಿಲ್ಲ. ಒಳಗೆಲ್ಲೋ ಚಟ್ ಅಂತು. ಹಸಿರು ಗೆರೆ ಮೇಲಕ್ಕೆ ಜಿಗಿದು ಕಾಣದಾಯಿತು. ಗುಂಡಿಗಳನ್ನೆಲ್ಲ ತಿರುಗಿಸಿದೆ. ಬರಲಿಲ್ಲ. ಸ್ವಿಚ್ ತೆಗೆದು, ಹೊದಿಕೆ ಹಾಕಿ, ಖೋಲಿಗೆ ಹೋಗಿಬಿಟ್ಟೆ.

ಮರುದಿನ ಬೆಳಿಗ್ಗೆ ಲ್ಯಾಬಿನ ಸಿಪಾಯಿ ಕಾಕಾ ಎಂದಿನಂತೆ ಹೊದಿಕೆ ತೆಗೆದು ಯಂತ್ರ ಒರೆಸಿದ್ದರು. ಆಮೇಲೆ ಪ್ರಾಚಾರ್ಯರೇ ಯಾರೋ ಅತಿಥಿಗಳನ್ನು ಕರೆದುಕೊಂಡು ಬಂದು ಅದನ್ನು ಚಾಲೂ ಮಾಡಿಸಿದರು. ಗೆರೆ ಬರಲಿಲ್ಲ. "ಕಡೀಕ ಇದನ್ನ ಮುಟ್ಟಿದವರು ಯಾರು?" ಎಂದರು. ಕಾಕಾನ ಕೈಯಲ್ಲಿ ಒರೆಸುವ ಅರಬಿ ಹಾಗೇ ಇತ್ತು.

"ನಾ ಬರೇ ಅರಬಿಲೆ ಒರಿಸೀನ್ರಿ ಸಾಹೇಬ್ರ" ಎಂದರು ಕಾಕಾ.

ನಾನು ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಮಷಿನ್ ಕೆಲಸಕ್ಕ ಹೆಣ್ಣಮಗಳು... ಕಮಿಟಿಯ ಹಿರಿಯರ ಆ ಮಾತೇ ತಲೆಯಲ್ಲಿತ್ತು. ಒಂದು ವಾರದೊಳಗೆ ಕಾಕಾನಿಗೆ ಮೆಮೊ ಬಂತು: ಒದ್ದೆ ಬಟ್ಟೆಯಿಂದ ಒರೆಸಿ ಬೆಲೆಬಾಳುವ ಉಪಕರಣ ಹಾಳು ಮಾಡಿದ್ದಕ್ಕೆ ವಿವರಣೆ ಕೊಡಬೇಕು. ಕಾಕಾ ದಡ್ಡಿ ಅನ್ನುವ ಊರಿನವರು. ನದಿಯ ನೀರು, ಮೀನು, ತಮ್ಮ ಎಮ್ಮೆ ಅಂತ ಒಂದಿಲ್ಲೊಂದು ಹೇಳಿ ನಗಿಸುತ್ತಿದ್ದವರು. ಅಂದಿನಿಂದ ಲ್ಯಾಬಿನ ಬಾಗಿಲ ಹೊರಗೆ ನಿಲ್ಲತೊಡಗಿದರು. ಒಳಗೆ ಕರೆದರೆ ಬರುತ್ತಿದ್ದರು, ಆದರೆ ಎರಡೂ ಕೈ ಹಿಂದೆ ಕಟ್ಟಿಕೊಂಡು. ಟೇಬಲ್ಲುಗಳ ಮೇಲೆ ಧೂಳು ಕೂತಿತು. ಅದನ್ನು ನೋಡುವುದೇ ನನಗೆ ಶಿಕ್ಷೆಯಾಗಿತ್ತು.

ಹೀಗೇ ತಿಂಗಳ ಮೇಲಾಯಿತು. ವೈನಿಯ ಸುದ್ದಿ ಹೇಳಿದವರೂ ಕಾಕಾನೇ.

"ಮೇಡಮ್ಮಾರ, ಮೂಡಲಗ್ಯಾಗ ಒಬ್ಬಾಕಿ ಅದಾಳ್ರಿ. ಎಂಥಾ ಹಳೇ ಮಷೀನ ಇರ್ಲಿ, ಬಿಚ್ಚಿ ನೋಡಿದ್ಲು ಅಂದ್ರ ಏನಾಗಿ ಕೆಟ್ಟೇತಿ ಅಂತ ಹೇಳತಾಳಂತ. ಅಕಿ ಕೈಲೆ ಒಂದ ಚೀಟಿ ಬರಸಕೊಂಡ ಬರ್ರಿ. ನನ್ನಿಂದ ಹಾಳಾಗಿದ್ರ ಆತು, ಮನಿಗೆ ಹೋಗತೇನಿ."

ನಾನು ಪ್ರಾಚಾರ್ಯರ ಒಪ್ಪಿಗೆ ಪಡೆದೆ. ಆ ಭಾನುವಾರ ಕಾಕಾ ತಮ್ಮ ಮನೆಯ ಕೌದಿಯನ್ನು ತಂದು ಯಂತ್ರಕ್ಕೆ ಸುತ್ತಿ, ಇನ್ನೊಬ್ಬರ ಜೊತೆ ಹೆಗಲು ಕೊಟ್ಟು ಬಸ್ ಸ್ಟ್ಯಾಂಡಿನವರೆಗೆ ಹೊತ್ತರು. ನಾನು ಕೆಡಿಸಿದ್ದನ್ನು ಅವರು ಹೊತ್ತು ನಡೆದರು, ನಾನು ಬ್ಯಾಗ್ ಹಿಡಿದು ಹಿಂದೆ ಹಿಂದೆ... ಡ್ರೈವರನ ಬಾಜೂ ಅದನ್ನು ಕೂರಿಸಿ, "ಹಾದ್ಯಾಗ ಕುಣಿ ಭಾಳ ಅದಾವು, ಸಾವಕಾಶ ಹೊಡಿ ಮಾರಾಯಾ" ಎಂದು ಡ್ರೈವರಿಗೆ ಹೇಳಿ ಇಳಿದರು.

ಮೂಡಲಗಿಯಲ್ಲಿ ಹಮಾಲರ ಕೈಗಾಡಿಯ ಮೇಲೆ ಯಂತ್ರ ಇಟ್ಟುಕೊಂಡು ವಿಚಾರಿಸುತ್ತ ಹೋದೆ. ಜೈನರ ಓಣಿಯ ಒಂದು ಸಾದಾ ಮನೆ. ಹೊರಕೋಣೆಯ ಗೋಡೆಗೆ ಹಲಗೆಗಳು, ಹಲಗೆಗಳ ತುಂಬ ಮೀಟರುಗಳು, ಬಿಸ್ಕೀಟಿನ ಡಬ್ಬಿಗಳಲ್ಲಿ ತರತರದ ಬಿಡಿಭಾಗಗಳು. ಒಂದು ಮಂಚದ ಮೇಲೆ ಕಪ್ಪು ಕನ್ನಡಕದ ಹಿರಿಯರೊಬ್ಬರು ನೆಟ್ಟಗೆ ಕೂತಿದ್ದರು. ಅವರು ವೈನಿಯ ಯಜಮಾನರು. ನಾನು ಅಣ್ಣಾರು ಎಂದೇ ಕರೆಯುತ್ತಿದ್ದೆ. ಸೈನ್ಯದ ಸಿಗ್ನಲ್ ದಳದಲ್ಲಿ ಇಂಥ ಯಂತ್ರಗಳನ್ನೇ ರಿಪೇರಿ ಮಾಡುತ್ತಿದ್ದವರು. ನಿವೃತ್ತರಾಗಿ ಬಂದು ಅಂಗಡಿ ಇಟ್ಟ ಕೆಲವೇ ವರ್ಷಕ್ಕೆ ಸಕ್ಕರೆ ಕಾಯಿಲೆ ಅವರ ಕಣ್ಣು ತಿಂದಿತ್ತು. ಆಮೇಲೆ ಅವರು ಹೇಳುವುದು, ವೈನಿ ಮಾಡುವುದು. ಹಾಗೆ ಶುರುವಾದದ್ದು.

"ಬರ್ರಿ ಅಕ್ಕೋರ, ಕುಂದರ್ರಿ. ಮೊದ್ಲ ನೀರ ಕುಡೀರಿ" ಎಂದರು ವೈನಿ. ಐವತ್ತರ ಹತ್ತಿರದ ವಯಸ್ಸು, ದಪ್ಪ ಗಾಜಿನ ಕನ್ನಡಕ, ಕೈಯಲ್ಲಿ ಬರೀ ಹಸಿರು ಗಾಜಿನ ಬಳೆ. ಕೆಲಸಕ್ಕೆ ಕೂರುವಾಗ ಬಂಗಾರ, ಬೆಳ್ಳಿ ಏನೂ ಮೈಮೇಲೆ ಇರಬಾರದು ಅನ್ನುವುದು ಅಣ್ಣಾರ ಕಟ್ಟಪ್ಪಣೆಯಂತೆ. ಲೋಹಕ್ಕೆ ಕರೆಂಟು ಹಿಡಿಯುತ್ತದೆ, ಗಾಜಿಗೆ ಹಿಡಿಯುವುದಿಲ್ಲ.

ನಾನು ಸ್ವಿಚ್ ಹಾಕಿ ತೋರಿಸಲು ಹೋದರೆ ಕೈ ಅಡ್ಡ ಮಾಡಿದರು. ಮೊದಲು ಬಿಚ್ಚಿದರು. ಮೂಸಿದರು. ಬಣ್ಣದ ಬ್ರಷ್ಷಿನಿಂದ ಮೂಲೆಮೂಲೆಯ ಧೂಳು ತೆಗೆದರು. ಒಂದೊಂದು ವಾಲ್ವನ್ನೂ ಕಿತ್ತು, ಅದರ ಕಾಲು ಉಜ್ಜಿ, ಮತ್ತೆ ಅದೇ ಜಾಗದಲ್ಲಿ ಕೂರಿಸಿದರು. ಕಣ್ಣಿಗೆ ಕಂಡದ್ದನ್ನೆಲ್ಲ ದೊಡ್ಡ ದನಿಯಲ್ಲಿ ಮಂಚದ ಕಡೆ ಹೇಳುತ್ತಿದ್ದರು. "ಎಡಗಡೆ ದೊಡ್ಡ ಕಂಡೆನ್ಸರ್ ಉಬ್ಬಿಲ್ರಿ. ಮ್ಯಾಲಿನ ತಂತೀದು ಸಿಪ್ಪಿ ಉದರೇತಿ." ಅಣ್ಣಾರು ತಲೆ ಆಡಿಸುತ್ತಿದ್ದರು. ಸಣ್ಣ ಬಿಡಿಭಾಗವಾದರೆ ಅವರ ಅಂಗೈಯಲ್ಲಿ ಇಡುತ್ತಿದ್ದರು. ಅವರು ಬೆರಳಲ್ಲಿ ಉರುಳಿಸಿ ಇಂಥದ್ದೆಂದು ಹೇಳುತ್ತಿದ್ದರು.

ಆಮೇಲೆ ಕರೆಂಟಿನ ದಾರಿಯಲ್ಲಿ ಒಂದು ಬಲ್ಬು ಸೇರಿಸಿ ಯಂತ್ರ ಚಾಲೂ ಮಾಡಿದರು. ಒಳಗೆ ಶಾರ್ಟ್ ಆಗಿದ್ದರೆ ಬಲ್ಬು ಪ್ರಖರವಾಗಿ ಉರಿದು ಹೇಳಿಬಿಡುತ್ತದೆ, ಯಂತ್ರ ಸುಡುವುದಿಲ್ಲ. ಬಲ್ಬು ಒಮ್ಮೆ ಮಿನುಗಿ ಮಂಕಾಯಿತು. ವಾಲ್ವುಗಳು ಒಂದೊಂದಾಗಿ ಕೆಂಪಗೆ ಕಣ್ಣು ಬಿಟ್ಟವು. ಆ ವಾಸನೆ ಕೋಣೆ ತುಂಬಿತು. ವೈನಿ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಬಲಗೈಯಿಂದಷ್ಟೇ ಅಳೆಯುತ್ತಿದ್ದರು. "ಒಂದ ಕೈಲೆ ಮುಟ್ಟಿದ್ರ ಕರೆಂಟ ಎದೀ ದಾಟಿ ಹೋಗಂಗಿಲ್ಲ, ಅಕ್ಕೋರ. ನೀವೂ ರೂಢಿ ಮಾಡಕೋರಿ." ತವರು ಮರಾಠಿ ಸೀಮೆಯದು, ಮೀಟರಿನ ಮುಳ್ಳು ನೋಡಿ ಬಾಯೊಳಗೇ ಮರಾಠಿಯಲ್ಲಿ ಲೆಕ್ಕ ಹಿಡಿಯುತ್ತಿದ್ದರು, "ದೀಡಶೆ... ಅಡೀಚಶೆ..." ನೂರೈವತ್ತು, ಇನ್ನೂರೈವತ್ತು ಅಂತ.

ಪರದೆ ಕತ್ತಲಾಗಿಯೇ ಇತ್ತು. ನಾನು ಆಸೆ ಬಿಟ್ಟೆ. ಪರದೆಯ ಕೊಳವೆಯೇ ಸತ್ತಿದ್ದರೆ ಅದಕ್ಕೆ ಬದಲಿ ಎಲ್ಲೂ ಸಿಗುವಂತಿರಲಿಲ್ಲ.

ವೈನಿ ಸ್ವಿಚ್ ತೆಗೆದು, ಒಳಗೆ ಉಳಿದ ಕರೆಂಟನ್ನು ಇಳಿಸಿ, ಕೊಳವೆಯ ಹಿಂದಿನ ಎರಡು ತುದಿಗಳಿಗೆ ಒಂದು ತುಂಡು ತಂತಿ ಸಿಗಿಸಿದರು. ಗೆರೆಯನ್ನು ಮೇಲೆ ಕೆಳಗೆ ಎಳೆಯುವುದು ಆ ಎರಡು ತುದಿಗಳೇ. ಎರಡನ್ನೂ ಒಂದು ಮಾಡಿದರೆ ಎಳೆದಾಟ ನಿಲ್ಲುತ್ತದೆ. ಮತ್ತೆ ಚಾಲೂ ಮಾಡಿದರು. ಸ್ವಲ್ಪ ಹೊತ್ತಿಗೆ ಪರದೆಯ ನಟ್ಟನಡುವೆ ಹಸಿರು ಗೆರೆ ತೆಳ್ಳಗೆ ಮೂಡಿತು.

"ಗೆರಿ ಬಂತೇನ?" ಮಂಚದಿಂದ ಅಣ್ಣಾರು ಕೇಳಿದರು. ನಾವಿಬ್ಬರೂ ಸುಮ್ಮನಾದದ್ದರಿಂದಲೇ ಅವರಿಗೆ ಗೊತ್ತಾಗಿರಬೇಕು.

"ಬಂತ್ರಿ. ಎಳೀ ಹುಲ್ಲಿನ ಬಣ್ಣ. ಒಂದೀಟೂ ನಡಗವಲ್ತು" ಎಂದರು ವೈನಿ. ಅಣ್ಣಾರ ಮುಖ ಅರಳಿತು. ನನ್ನ ಕಡೆ ತಿರುಗಿ ವೈನಿ ಹೇಳಿದರು, "ಗೆರಿ ಸತ್ತಿಲ್ಲ ಅಕ್ಕೋರ. ಪರದೇದ ಹೊರಗ ಹೋಗಿ ನಿಂತಿತ್ತು. ಅದನ್ನ ಹೊರಗ ದಬ್ಬಿದ್ದು ಏನಂತ ಹುಡಕಬೇಕು. ಮುಂದಿನ ಐತವಾರ ಬರ್ರಿ." ಜೈನರಾದ್ದರಿಂದ ಹೊತ್ತು ಮುಳುಗುವ ಮೊದಲು ಅವರ ಮನೆಯಲ್ಲಿ ಊಟ ಮುಗಿಯಬೇಕು. ನನಗೂ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ಹಾಕಿಯೇ ಕಳಿಸಿದರು.

ಮುಂದಿನ ಭಾನುವಾರ ಅವರು ಪರದೆಯ ಕಡೆಯಿಂದ ಹಿಂದಕ್ಕೆ, ತಂತಿ ಸಿಕ್ಕಿಸುವ ಬಾಯಿಯ ಕಡೆಗೆ, ಒಂದೊಂದೇ ಮೆಟ್ಟಿಲು ಇಳಿದು ಬಂದರು. ಒಂದು ಮೆಟ್ಟಿಲು ಸರಿ ಇದೆ ಎಂದರೆ ತಪ್ಪು ಅದರ ಹಿಂದೆ. ಅವರು ಬಾಯಿಗೆ ಹತ್ತಿರವಾದಂತೆ ನಾನು ಚಾಪೆಯ ಮೇಲೆ ಹಿಂದೆ ಹಿಂದೆ ಸರಿದೆ. ಕೊನೆಗೆ ಮೊದಲನೇ ವಾಲ್ವಿನ ಬುಡದಲ್ಲಿ ಕೈ ನಿಂತಿತು. ಕರ್ರಗೆ ಸುಟ್ಟು ಸೀಳಿದ ಒಂದು ರೆಸಿಸ್ಟರನ್ನು ಚಿಮಟಿಗೆಯಲ್ಲಿ ಹಿಡಿದು ಬೆಳಕಿಗೆ ಎತ್ತಿದರು.

"ಇದು ವಯಸ್ಸಾಗಿ ಹೋಗಿದ್ದಲ್ರಿ" ಎಂದು ಮಂಚದ ಕಡೆ ಹೇಳಿದರು. "ಬಾಯಾಗ ಯಾರೋ ಗ್ವಾಡೀ ಕರೆಂಟ ಸುರುವ್ಯಾರ. ವಾಲ್ವೂ ಹೋಗೇತಿ."

ವೈನಿ ಕೈ ಒರೆಸಿಕೊಂಡು ನನ್ನ ಎದುರಿಗೆ ಕೂತರು.

"ಚೀಟಿ ಬರಕೊಡ್ರಿ ಅಂದಿದ್ರಿ. ಏನಂತ ಬರೀಲಿ, ಅಕ್ಕೋರ?"

ಅವರ ದನಿಯಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನಾನು ಬಹುಶಃ ಇನ್ನೊಂದು ಸುಳ್ಳು ಹೇಳುತ್ತಿದ್ದೆ. "ನಾನೇ ವೈನಿ..." ಎಂದೆ. ಎಲ್ಲ ಹೇಳಿದೆ. ಟ್ರಾನ್ಸ್‌ಫಾರ್ಮರ್, ಚಟ್ ಅಂದದ್ದು, ಹೊದಿಕೆ ಹಾಕಿ ಹೋದದ್ದು, ಕಾಕಾನ ಮೆಮೊ, ಕಮಿಟಿಯ ಹಿರಿಯರ ಮಾತು. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ.

ವೈನಿ ಒಳಗೆ ಹೋಗಿ ಚಹಾ ಇಟ್ಟು ಬಂದರು. ಆಮೇಲೆ ನಿಧಾನವಾಗಿ ತಮ್ಮದೊಂದು ಸಂಗತಿ ಹೇಳಿದರು. ಕೆಲಸ ಕಲಿಯುವ ಹೊಸತರಲ್ಲಿ ಕುಲಗೋಡದ ರೈತರೊಬ್ಬರ ರೇಡಿಯೋ ಅವರ ಕೈಯಲ್ಲಿ ಸುಟ್ಟು ಹೋಗಿತ್ತಂತೆ. ರೈತ ಬಂದಾಗ ಅಣ್ಣಾರು, ಅದು ತಮ್ಮ ಕೈತಪ್ಪು ಎಂದುಬಿಟ್ಟರಂತೆ, ಹೆಂಡತಿಯ ಮೇಲೆ ಮಾತು ಬರಬಾರದೆಂದು.

"ಆ ಮನಶ್ಯಾ ಏನಂದ ಗೊತ್ತೈತೇನ್ರಿ? ಕಣ್ಣ ಹ್ವಾದವ ಇನ್ನೇನ ಮಾಡ್ಯಾನು, ಇರ್ಲಿ ಬಿಡು ಅಂದ. ಇವ್ರು ಕುಂತ ಕೇಳಿದ್ರು. ಇಪ್ಪತ್ತ ವರ್ಷ ಪಲ್ಟಣದಾಗ ಒಂದ ಮಷೀನ ಸುಟ್ಟಾವರಲ್ಲ ಇವ್ರು. ಎರಡ ದಿನ ನನಗ ರೊಟ್ಟಿ ಇಳೀಲಿಲ್ಲ. ಮೂರನೇ ದಿನ ಬಸ್ ಹತ್ತಿ ಕುಲಗೋಡಕ್ಕ ಹ್ವಾದ್ನಿ. ಅವನ ಮನೀ ಕಟ್ಟೀ ಮುಂದ ನಿಂತು, ಸುಟ್ಟಾಕಿ ನಾನು ಅಂದ್ನಿ. ಅವ ಬಾಯಿ ತೆರಕೊಂಡ ನೋಡಿದ. ಹೆಣ್ಣಮಗಳು ರೇಡಿಯೋ ಬಿಚ್ಚತಾಳ ಅಂತ ಅವತ್ತ ಆ ಊರಿಗೆ ಗೊತ್ತಾತು."

"ಬೈದನೇನ್ರಿ?"

"ಬೈದ. ಬೈಬೇಕಲ್ಲ ಮತ್ತ. ಖರೆ, ಮುಂದಿನ ವರ್ಷ ಇನ್ನೊಂದ ರೇಡಿಯೋ ತಂದ. ಇವ್ರ ಕೈಯಾಗ ಕೊಡಲಿಲ್ಲ. ವೈನೀ, ನೀವ ನೋಡ್ರಿ ಅಂತ ನನ್ನ ಮುಂದ ಇಟ್ಟ."

ಚಹಾ ಆದ ಮೇಲೆ ಒಂದು ಕಾಗದ ತೆಗೆದುಕೊಂಡು ಗುಂಡಗಿನ ಅಕ್ಷರಗಳಲ್ಲಿ ಚೀಟಿ ಬರೆದರು: ಹೊರಗಿನಿಂದ ಹೆಚ್ಚಿನ ವೋಲ್ಟೇಜ್ ಬಂದು ಮೊದಲನೇ ವಾಲ್ವು ಸುಟ್ಟಿದೆ. ಒರೆಸಿದ್ದರಿಂದ ಆದದ್ದಲ್ಲ. ಕೊಡುತ್ತ ಹೇಳಿದರು, "ನಾ ಕಂಡಿದ್ದಷ್ಟ ಬರದೇನಿ, ತಂಗಿ. ಯಾರು ಅಂತ ಬರಿಯಾಕ ನಾ ನೋಡಿಲ್ಲ. ಅದು ನಿನ್ನ ಕಡೆ ಐತಿ." ನನ್ನನ್ನು ಕರೆಯುವಾಗ ಅಕ್ಕೋರು ಹೋಗಿ ತಂಗಿ ಬಂದದ್ದು ಆಗ.

ಇನ್ನೊಂದು ತೊಡಕು ಉಳಿದಿತ್ತು. ಸುಟ್ಟ ವಾಲ್ವಿಗೆ ಬದಲಿ ಡಬ್ಬಿಗಳಲ್ಲಿ ಇರಲಿಲ್ಲ. ಆ ಜಾತಿಯದು ಮನೆಯಲ್ಲಿ ಇದ್ದದ್ದು ಒಂದೇ ಒಂದು, ಅಣ್ಣಾರು ಸೈನ್ಯದ ಹರಾಜಿನಲ್ಲಿ ಹಿಡಿದು ತಂದಿದ್ದ ವಾಲ್ವಿನ ಮೀಟರಿನ ಒಳಗೆ. ಮೂರನೇ ಭಾನುವಾರ ನಾನು ಹೋದಾಗ ವೈನಿ ಆ ಮೀಟರನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು.

"ನಿಮ್ಮ ಮೀಟರಿಂದ ತಗೀಲೇನ್ರಿ?"

"ತಗಿ" ಎಂದರು ಅಣ್ಣಾರು. "ಕಾಲೇಜಿನ್ಯಾಗ ನಲವತ್ತ ಹುಡುಗ್ರು ನೋಡ್ತಾರ. ಇಲ್ಲಿ ನಾ ಅಂತೂ ನೋಡಂಗಿಲ್ಲ." ಹೇಳಿ ತಾವೇ ನಕ್ಕರು. ವೈನಿ ನಗಲಿಲ್ಲ. ವಾಲ್ವನ್ನು ಕಿತ್ತು, ಒಮ್ಮೆ ಅವರ ಅಂಗೈಯಲ್ಲಿ ಇಟ್ಟು, ವಾಪಸು ತೆಗೆದುಕೊಂಡು ನಮ್ಮ ಯಂತ್ರದಲ್ಲಿ ಕೂರಿಸಿದರು. ಗೆರೆ ಬಂತು. ಸಿಕ್ಕಿಸಿದ್ದ ತುಂಡು ತಂತಿಯ ಆಸರೆ ಇಲ್ಲದೆ, ತಾನಾಗಿಯೇ ನಡುವೆ ನಿಂತಿತು.

ಸೋಮವಾರ ನಾನು ಪ್ರಾಚಾರ್ಯರ ಖೋಲಿಗೆ ಹೋಗಿ ಚೀಟಿ ಇಟ್ಟೆ, ಉಳಿದದ್ದನ್ನು ಬಾಯಿಂದ ಹೇಳಿದೆ. ಅವರು ಚೀಟಿ ಓದಿ ಮಡಚಿಟ್ಟರು. "ಎರಡು ತಿಂಗಳು ಸುಮ್ಮನಿದ್ದಿರಲ್ಲ" ಎಂದಷ್ಟೇ ಅಂದರು. ಆ ಮಾತು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ನನ್ನ ನೌಕರಿ ಕಾಯಂ ಆಗುವುದು ಒಂದು ವರ್ಷ ಮುಂದೆ ಹೋಯಿತು. ಕಾಕಾನ ಮೆಮೊ ವಾಪಸಾಯಿತು. ನಾನು ಕಾಕಾನ ಹತ್ತಿರ ಹೋಗಿ ತಪ್ಪಾಯಿತೆಂದೆ. ಅವರು ನನ್ನ ಮುಖ ನೋಡಲಿಲ್ಲ. "ಮೊದಲ ದಿನಾನ ಹೇಳಿದ್ರ ಛಲೋ ಇತ್ರಿ ಮೇಡಮ್ಮಾರ. ಮನ್ಯಾಗ ಎಲ್ಲಾರೂ ಅತ್ರು" ಎಂದು ಹೊರಟುಹೋದರು. ಕ್ಷಮಿಸಿದೆ ಅಂತ ಅವರು ಎಂದೂ ಹೇಳಲಿಲ್ಲ. ಆದರೆ ಆ ವಾರದ ಕೊನೆಗೆ ಲ್ಯಾಬಿನ ಟೇಬಲ್ಲುಗಳು ಮತ್ತೆ ಹೊಳೆದವು.

ಅದಾದ ಮೇಲೆ ನಾನು ತಿಂಗಳಿಗೊಮ್ಮೆ ಮೂಡಲಗಿಗೆ ಹೋಗತೊಡಗಿದೆ. ಕೆಟ್ಟ ಮೀಟರಿನ ನೆಪ ಕೆಲವು ಸಲ, ಯಾವ ನೆಪವೂ ಇಲ್ಲದೆ ಕೆಲವು ಸಲ. ಬೆಸುಗೆ ಹಾಕುವುದನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ, ಆ ಚಾಪೆಯ ಮೇಲೆ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಅಣ್ಣಾರು ತೀರಿಕೊಂಡರು. ನಾನು ಹೋದಾಗ ವೈನಿ ಬರಿಗೈಯಲ್ಲಿ ಕೂತಿದ್ದರು, ಬಳೆ ಇರಲಿಲ್ಲ. ಆದರೆ ಎದುರಿಗೆ ಒಂದು ಮೀಟರ್ ಬಿಚ್ಚಿತ್ತು. ಕೆಲಸ ಮಾಡುವಾಗ ಕಂಡದ್ದನ್ನು ದೊಡ್ಡದಾಗಿ ಹೇಳುವ ರೂಢಿ ಹಾಗೇ ಉಳಿದಿತ್ತು. ಖಾಲಿ ಮಂಚದ ಕಡೆ ತಿರುಗಿ "ಈ ಬಾಜೂಕಿಂದ ಸುಟ್ಟೇತ್ರಿ" ಎಂದು ಹೇಳಿ, ನನ್ನನ್ನು ನೋಡಿ, ಸುಮ್ಮನೆ ಕೆಲಸ ಮುಂದುವರಿಸಿದರು.

ಮರುವರ್ಷ ಪ್ರಾಚಾರ್ಯರೇ ನನ್ನನ್ನು ಕರೆದು, "ಆ ಮೂಡಲಗಿಯವರನ್ನು ಒಂದು ದಿನ ನಮ್ಮ ಹುಡುಗರಿಗೆ ಪಾಠಕ್ಕೆ ಕರೀರಿ" ಎಂದರು. ವೈನಿ ಮೊದಲು ಒಲ್ಲೆ ಎಂದರು. ಏಳನೇ ಇಯತ್ತೆ ಕಲಿತವಳು ತಾನು, ಕಾಲೇಜಿಗೆ ಏನು ಬರಲಿ ಅನ್ನುವುದು ಅವರ ಮಾತು. ಆಮೇಲೆ ಒಂದು ಶರತ್ತಿನ ಮೇಲೆ ಒಪ್ಪಿದರು: ನಾನು ಒಂದು ಯಂತ್ರವನ್ನು ಬೇಕೆಂತಲೇ ಕೆಡಿಸಿ ಇಡಬೇಕು, ಎಲ್ಲಿ ಕೆಡಿಸಿದೆ ಅನ್ನುವುದನ್ನು ಅವರಿಗೆ ಹೇಳಬಾರದು. ಬಿಳಿ ಸೀರೆಯ ಸೆರಗು ಸೊಂಟಕ್ಕೆ ಬಿಗಿದು, ಎಡಗೈ ಬೆನ್ನ ಹಿಂದೆ ಇಟ್ಟು, ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತ, ಗಂಟೆ ಹೊಡೆಯುವುದರೊಳಗೆ ಹುಡುಕಿಬಿಟ್ಟರು. ಹಿಂದಿನ ಬೆಂಚಿನ ಹುಡುಗರೂ ಎದ್ದು ನಿಂತು ನೋಡಿದರು. ಕಾಕಾ ಅವರಿಗಾಗಿ ಆಫೀಸಿನಿಂದ ಕೈಯಿರುವ ಕುರ್ಚಿ ತಂದು ಹಾಕಿದ್ದರು. ಆಕೆ ಕೂರಲೇ ಇಲ್ಲ.

"ನೀವ ಇದನ್ನ ಎಲ್ಲಿ ಕಲ್ತೀರಿ?" ಒಬ್ಬಳು ಹುಡುಗಿ ಕೇಳಿದಳು.

"ಮನ್ಯಾಗ, ಯವ್ವಾ. ನಮ್ಮ ಮನಿಯವ್ರಿಗೆ ಕಣ್ಣ ಕಾಣತಿರ್ಲಿಲ್ಲ. ನನಗ ಕಂಡಿದ್ದೆಲ್ಲಾ ಅವ್ರಿಗೆ ತಿಳಿಯೂ ಹಂಗ ಹೇಳಬೇಕಾಗತಿತ್ತು. ಹೇಳಕೋಂತ ಹೇಳಕೋಂತ ನನಗೂ ತಿಳೀತು."

ಎರಡು ದಿನದ ಮೇಲೆ ಕಾಲೇಜಿನಿಂದ ಆಕೆಗೆ ಆಭಾರದ ಪತ್ರ ಹೋಗಬೇಕಿತ್ತು. ಗುಮಾಸ್ತರು ಹೆಸರು ಕೇಳಿದರು. ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಆಕೆಯ ಕೈ ಊಟ ಉಂಡು, ಒಮ್ಮೆಯೂ ಕೇಳಿರಲಿಲ್ಲ. ಶ್ರೀಮತಿ ಎಂದು ಬರೆದು ಮುಂದೆ ಅಣ್ಣಾರ ಹೆಸರು ಹಾಕಿಸಿದೆ. ಮುಂದಿನ ಸಲ ಹೋದಾಗ ಕೇಳಿದರಾಯಿತು ಅಂದುಕೊಂಡೆ.

ಆಮೇಲೆ ನನ್ನ ಮದುವೆ, ಮಕ್ಕಳು, ಹುಕ್ಕೇರಿಗೆ ವರ್ಗ... ತಿಂಗಳಿಗೊಮ್ಮೆ ಇದ್ದದ್ದು ಆರು ತಿಂಗಳಿಗೊಮ್ಮೆ ಆಯಿತು, ಆಮೇಲೆ ಬರೀ ಫೋನು. ಅಗ್ಗದ ಹೊಸ ಮೀಟರುಗಳು ಬಂದವು. ಕೆಟ್ಟರೆ ಯಾರೂ ರಿಪೇರಿಗೆ ತರಲಿಲ್ಲ, ಎಸೆದರು. ಆಕೆ ಹೋದ ಸುದ್ದಿ ನನಗೆ ತಲುಪುವಷ್ಟರಲ್ಲಿ ದಿನಕರ್ಮಗಳೆಲ್ಲ ಮುಗಿದಿದ್ದವು. ಮೂಡಲಗಿಗೆ ಹೋದೆ. ಅವರ ಮಗಳು ಗಂಡನ ಮನೆಯಿಂದ ಬಂದು ಮನೆ ತೆರವು ಮಾಡುತ್ತಿದ್ದಳು. ಹಲಗೆಗಳು ಖಾಲಿ.

"ಹಳೇ ಸಾಮಾನೆಲ್ಲಾ ಗುಜರಿಯವ್ರಿಗೆ ಹಾಕಿದ್ವಿ ಅಕ್ಕಾರ. ನಿಮಗ ಬೇಕಾಗತೇತಿ ಅಂತ ನಮಗ ತಿಳೀಲಿಲ್ರಿ" ಎಂದು ಆ ಮಗಳು ತಪ್ಪು ಮಾಡಿದವಳಂತೆ ನಿಂತಳು. ಇರಲಿ ಬಿಡು ಎಂದೆ.

ಹೊರಡುವಾಗ ಕೇಳಿದೆ, "ಅವ್ವಾರ ಹೆಸರೇನ್ರಿ?"

ಅವಳು ಅಚ್ಚರಿಯಿಂದ ನನ್ನನ್ನು ನೋಡಿ, ಹೇಳಿದಳು.

ಹುಕ್ಕೇರಿಯ ಬಸ್ಸಿನಲ್ಲಿ ಕಿಟಕಿಯ ಬಾಜೂ ಕೂತು ಆ ಹೆಸರನ್ನು ನಾಲ್ಕಾರು ಸಲ ಬಾಯೊಳಗೇ ಅಂದುಕೊಂಡೆ. ಚಂದದ ಹೆಸರು. ಆದರೆ ಆ ಹೆಸರಿನಿಂದ ನಾನು ಆಕೆಯನ್ನು ಒಮ್ಮೆಯೂ ಕರೆದಿಲ್ಲ, ಕರೆದಿದ್ದರೆ ತಿರುಗಿ ನೋಡುತ್ತಿದ್ದರೋ ಇಲ್ಲವೋ... ಆ ಹೀಟರಿನ ಮುಂದೆ ಅತ್ತೆಗೆ ಇದನ್ನೆಲ್ಲ ಹೇಳುತ್ತ ಕೂತಾಗಲೂ ನನ್ನ ಬಾಯಿಗೆ ಬಂದದ್ದು ವೈನಿ ಎಂದೇ. ಕೇಳಬೇಕಾದಾಗ ಕೇಳದೆ, ಆಮೇಲೆ ಕೇಳಿ ತಿಳಿದುಕೊಂಡ ಹೆಸರು. ಅದನ್ನು ಇಲ್ಲಿ ಬರೆಯಲು ಇಂದಿಗೂ ನನಗೆ ಕೈ ಬರುತ್ತಿಲ್ಲ.